12 ಜಿಬಿ ಅಂತ ಬರೆದುಕೊಟ್ಟು 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿದ ಅಂಗಡಿಯವರಿಗೆ

ಮಾಲೀಕರೇ,

ಎಸ್.ಪಿ. ರಸ್ತೆಯ ನಿಮ್ಮ ಅಂಗಡಿಗೆ ಒಂಬತ್ತು ಸಲ ಫೋನ್ ಮಾಡಿದೆ. ಆರು ಸಲ 'ಸರ್ ಊಟಕ್ಕೆ ಹೋಗಿದ್ದಾರೆ'. ಬೆಳಗ್ಗೆ ಹನ್ನೊಂದಕ್ಕೂ ಊಟ, ಸಂಜೆ ಐದಕ್ಕೂ ಊಟ. ಅದಕ್ಕೇ ಈ ಪತ್ರ. ಬಿಲ್ಲಿನ ನಕಲು ನಿಮ್ಮಲ್ಲೇ ಇದೆ, ನಂಬರು ನೀವೇ ನೋಡಿಕೊಳ್ಳಿ.

ನನಗೆ 46 ವರ್ಷ. ಇದು ನನ್ನ ಮೊದಲ ಗೇಮಿಂಗ್ ಕಂಪ್ಯೂಟರ್. ರೇಸಿಂಗ್ ಸಿಮ್ಯುಲೇಟರ್ ಆಡಬೇಕು ಅಂತಲೇ ಎರಡು ತಿಂಗಳು ಓದಿ, ಕೇಳಿ, ಒಂದು ಚೀಟಿ ಮಾಡಿಕೊಂಡು ಬಂದಿದ್ದೆ. ರೈಜೆನ್ 5 5600 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಅದೂ 12 ಜಿಬಿ ಮೆಮೊರಿಯದ್ದೇ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ, ಯಾಕೆಂದರೆ ಮೂರು ಮಾನಿಟರ್ ಜೋಡಿಸುವ ಆಸೆ. ನಿಮ್ಮ ಕೊಟೇಶನ್ನಿನಲ್ಲೂ 12 ಅಂತಲೇ ಇದೆ. ಬಿಲ್ಲಿನಲ್ಲಿ ಬರೀ '3060'. ಆ 12 ಎಲ್ಲಿ ಉದುರಿಹೋಯಿತೋ ದೇವರೇ ಬಲ್ಲ.

ಮನೆಗೆ ತಂದು, ಮೇಜಿಗೆ ಸ್ಟೀರಿಂಗ್ ಬಿಗಿದು, ಅಸೆಟ್ಟೊ ಕೋರ್ಸಾ ಕಾಂಪೆಟಿಸಿಯೋನೆ ಅನ್ನೋ ರೇಸಿಂಗ್ ಆಟ ಹಾಕಿದೆ. ಮೊಂಜಾ ಟ್ರ್ಯಾಕ್, ಸುತ್ತ ಇಪ್ಪತ್ತು ಕಾರು. ಉದ್ದನೆಯ ನೇರ ರಸ್ತೆ ಮುಗಿದು ಮೊದಲ ತಿರುವಿಗೆ ಬ್ರೇಕ್ ಒತ್ತುವ ಹೊತ್ತಿಗೆ ಚಿತ್ರ ತಡವರಿಸಿತು, ಸೆಕೆಂಡಿಗೆ 30 ಫ್ರೇಮ್‌ಗೆ ಇಳಿಯಿತು. ಇದೇನು ಮಹಾ ಅನ್ನಬೇಡಿ. ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ 55 ಮೀಟರ್. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕಾರು ಹತ್ತಿರ ಎರಡು ಮೀಟರ್ ಹೋಗಿರುತ್ತೆ. ಬ್ರೇಕ್ ಎಲ್ಲಿ ಹಿಡಿಯೋದು? ನಾನು ನೇರವಾಗಿ ಮುಂದಿನವನ ಡಿಕ್ಕಿಯೊಳಗೆ.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದರೆ 8 ಜಿಬಿ, ಮೆಮೊರಿಯ ದಾರಿಯ ಅಗಲ 128 ಬಿಟ್. 12 ಜಿಬಿಯದ್ದಕ್ಕೆ 192 ಬಿಟ್ ಇರುತ್ತೆ. ಸುಮ್ನೆ 4 ಜಿಬಿ ಕಮ್ಮಿ ಅಲ್ಲ, ಮೆಮೊರಿಯ ವೇಗದಲ್ಲೇ ಮೂರನೇ ಒಂದು ಭಾಗ ಹೋಯಿತು. ಪಕ್ಕದ ಗಾಜು ಬಿಚ್ಚಿದರೆ ರ‍್ಯಾಮ್ ಕೂಡ ನಾನು ಕೇಳಿದ ಎರಡರ ಬದಲು 16 ಜಿಬಿಯ ಒಂದೇ ಕಡ್ಡಿ.

ಮಾರನೇ ದಿನವೇ ಡಬ್ಬ ಹೊತ್ತು ಬಂದೆ. ಶನಿವಾರ, ಅಂಗಡಿ ತುಂಬ ಕಾಲೇಜು ಹುಡುಗರು. ಕೌಂಟರಿನಲ್ಲಿದ್ದ ನಿಮ್ಮ ಹುಡುಗ, ಕಿವಿಯಲ್ಲಿ ಇಯರ್‌ಫೋನ್, ಅದನ್ನು ತೆಗೆಯದೇ 'ಏನಾಯ್ತು ಅಂಕಲ್' ಅಂದ. ಹೇಳಿದೆ. 'ಆನ್ ಆಗುತ್ತಾ?' ಆಗುತ್ತೆ ಅಂದೆ. 'ಮತ್ತೇನು ಪ್ರಾಬ್ಲಂ?' ಕೊಟೇಶನ್ ತೋರಿಸಿದೆ. ಅದನ್ನು ತಿರುಗಿಸಿ ಹಿಂದೆ ನೋಡಿದ, ಅಲ್ಲೇನೋ ಉತ್ತರ ಬರೆದಿರುವ ಹಾಗೆ. ಆಮೇಲೆ ಎಲ್ಲರಿಗೂ ಕೇಳಿಸುವಂತೆ, 'ಅಂಕಲ್, ಕಾರ್ ಗೇಮ್ ತಾನೇ? ಇದೇ ಜಾಸ್ತಿ. ನಿಮಗೆ ಅರ್ಥ ಆಗಲ್ಲ, ಮಗನ್ನ ಕರ್ಕೊಂಡು ಬನ್ನಿ, ಅವನಿಗೆ ಹೇಳ್ತೀನಿ.' ಹಿಂದೆ ಯಾರೋ ಕಿಸಕ್ಕೆಂದರು. ನಾನು ಹತ್ತು ಕೆ.ಜಿ. ಡಬ್ಬ ಹಿಡಿದುಕೊಂಡೇ ನಿಂತಿದ್ದೆ, ಕೆಳಗಿಡಿ ಅಂತ ಕೂಡ ಯಾರೂ ಹೇಳಲಿಲ್ಲ. ಕೊನೆಗೆ ಅವನು ತಲೆ ಮೇಲಿನ ಬೋರ್ಡ್ ತೋರಿಸಿದ: 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.' ಚೆಂದದ ಬೋರ್ಡ್, ಸುತ್ತ ಸೀರಿಯಲ್ ಸೆಟ್ ಬೇರೆ.

ಅದೇ ಬಿಲ್ಲಿನ ಹಿಂದೆ ನೀವೇ ಅಚ್ಚು ಹಾಕಿಸಿದ ಸಾಲು ಇದೆ, 'ತಪ್ಪು ವಸ್ತು ಬಂದಲ್ಲಿ 7 ದಿನದೊಳಗೆ ಬದಲಿ'. ನಾನು ಬಂದದ್ದು ಎರಡನೇ ದಿನ. ನಿಮ್ಮ ನಿಯಮ ನಿಮಗೆ ಗೊತ್ತಿರುತ್ತೆ ಅಲ್ವಾ? ಗ್ರಾಹಕರ ಕಾನೂನೂ ಗೊತ್ತಿರಬಹುದು, 2019ರದ್ದು. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳದೆ ಇರುವುದನ್ನು ಅದು ಅನ್ಯಾಯದ ವ್ಯಾಪಾರ ಅನ್ನುತ್ತೆ. ಬೋರ್ಡಿಗೆ ಎಷ್ಟು ಲೈಟ್ ಹಾಕಿದರೂ ಅಷ್ಟೇ.

ಬೇರೆ ಕಾರ್ಡ್ ಹಾಕಿಕೊಡಿ, ಇಲ್ಲವೇ ದುಡ್ಡು ಕೊಡಿ ಅಂತ ಬರೆಯೋಣ ಅಂತಲೇ ಕೂತಿದ್ದೆ. ಈಗ ಅದೂ ಮುಖ್ಯ ಅನ್ನಿಸುತ್ತಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಟೈಮ್ ನನ್ನ ಹತ್ತಿರ ಬೇಕಾದಷ್ಟಿದೆ, ಆಟವಂತೂ ಆಡೋಕೆ ಆಗುತ್ತಿಲ್ಲ.

ಮುಂದಿನ ಶನಿವಾರ ಜನ ತುಂಬಿರುವ ಹೊತ್ತಿಗೆ ಡಬ್ಬ ಸಮೇತ ಬರುತ್ತೇನೆ. ಕೌಂಟರ್ ಮೇಲಿಟ್ಟು, ಗಾಜು ಬಿಚ್ಚಿ, ಕೊಟೇಶನ್ ಗಟ್ಟಿಯಾಗಿ ಓದುತ್ತೇನೆ. ವಿಡಿಯೊ ಮಾಡೋಕೆ ಮಗಳು ಬರ್ತಾಳೆ. ನನಗೆ ಮಗ ಇಲ್ಲ, ಅದನ್ನೂ ಆ ಹುಡುಗನಿಗೆ ತಿಳಿಸಿಬಿಡಿ.

ಇಂತಿ,
ನಿಮ್ಮ ಅಂಕಲ್