ದೂರಶಿಕ್ಷಣ: ಮೌಲ್ಯಮಾಪನದ ರೀತಿ ಬದಲಾಗಲಿ

ಮಾನ್ಯ ಸಂಪಾದಕರೇ,

1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಲಿ, ದೆಹಲಿಯ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಆಗಲಿ, ದುಡಿಯುತ್ತಲೇ ಓದುವವರಿಗೆ ಮತ್ತು ಮದುವೆಯ ನಂತರ ಓದು ನಿಂತುಹೋದ ಹೆಣ್ಣುಮಕ್ಕಳಿಗೆ ಪದವಿಯ ದಾರಿ ತೋರಿಸಿವೆ. ಇಗ್ನೋದ ಹಲವು ಕೋರ್ಸ್‌ಗಳಲ್ಲಿ ಮನೆಯಲ್ಲೇ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗೆ ಶೇ 30ರಷ್ಟು ಪಾಲಿದೆ. 2022ರ ನವೆಂಬರ್‌ನಲ್ಲಿ, ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಚಾಟ್‌ಜಿಪಿಟಿ ಬಂದ ಮೇಲೆ ಅಂತಹ ಉತ್ತರ ನಿಮಿಷಗಳಲ್ಲಿ ಸಿಗುತ್ತದೆ; ಅದನ್ನು ಕೈಬರಹದಲ್ಲಿ ಇಳಿಸಿಕೊಟ್ಟರೆ ಪತ್ತೆಹಚ್ಚುವುದು ಬಹಳ ಕಷ್ಟ.

ಹಾಗೆಂದು ನಿಷೇಧ ಪರಿಹಾರವಲ್ಲ. ಹತ್ತಿರದಲ್ಲಿ ಅಧ್ಯಾಪಕರೇ ಇಲ್ಲದ ಹಳ್ಳಿಯ ವಿದ್ಯಾರ್ಥಿನಿಗೆ ರಾತ್ರಿ ಹತ್ತು ಗಂಟೆಗೆ ಹುಟ್ಟುವ ಸಂದೇಹವನ್ನು ಕೇಳಲು ಒಂದು ಆಸರೆ ಸಿಗುವುದು ಸಣ್ಣ ಸಂಗತಿಯಲ್ಲ. ಆದರೆ ಈ ತಂತ್ರಾಂಶಗಳು ಕನ್ನಡದಲ್ಲಿ ಇಂಗ್ಲಿಷಿನಷ್ಟು ಪಳಗಿಲ್ಲ. ವಚನ ಸಾಹಿತ್ಯದ ಬಗ್ಗೆ ಕೇಳಿದರೆ ಯಾರೂ ಬರೆಯದ ವಚನಕ್ಕೆ ಕೂಡಲಸಂಗಮದೇವನ ಅಂಕಿತ ಸೇರಿಸಿ ಕೊಡುವುದೂ ಉಂಟು, ಮತ್ತು ಒಂಟಿಯಾಗಿ ಓದುವವರಿಗೆ ಅದನ್ನು ತಿದ್ದುವವರಿಲ್ಲ.

ಆದ್ದರಿಂದ ಮುಕ್ತ ವಿಶ್ವವಿದ್ಯಾನಿಲಯವು ತನ್ನದೇ ಕನ್ನಡ ಪಠ್ಯಸಾಮಗ್ರಿಯನ್ನು ಆಧರಿಸಿ, ಪುಟಸಂಖ್ಯೆ ಸಹಿತ ಉತ್ತರಿಸುವ ಸಹಾಯಕ ವ್ಯವಸ್ಥೆಯನ್ನು ರೂಪಿಸಬೇಕು. ಅಸೈನ್‌ಮೆಂಟ್‌ಗೆ ಅಂಕ ನೀಡುವ ಮುನ್ನ ಪ್ರಾದೇಶಿಕ ಕೇಂದ್ರಗಳಲ್ಲಿ ಕಿರು ಮೌಖಿಕ ಪರೀಕ್ಷೆ ನಡೆಸಬೇಕು; ಕೂಲಿ ಬಿಟ್ಟು ಬರಲಾಗದವರಿಗೆ ಅದು ಭಾನುವಾರವೇ ಇರಲಿ.

– ದೂರಶಿಕ್ಷಣದ ವಿದ್ಯಾರ್ಥಿ, ಮೈಸೂರು