ಪುಟ್ಟಿ, ಆ ಟಾಪಿಕ್ ಸ್ವಲ್ಪ ಚಿಕ್ಕದು ಮಾಡೆ

ಪುಟ್ಟಿ,

ನಿನ್ ಮೆಸೇಜ್ ನೋಡ್ದೆ. ‘ಕರ್ನಾಟಕದ ಕೆರೆಗಳು’ ಅಂತ ಟಾಪಿಕ್ ಕೊಟ್ಟು ಬಂದಿದೀಯಂತೆ, ಇಪ್ಪತ್ತು ಪುಟದ ಪೇಪರ್‌ಗೆ! ಬೈತಿಲ್ಲ ಕಣೆ, ನಾನೂ ಎಂ.ಫಿಲ್‌ನಲ್ಲಿ ‘ಮೈಸೂರು ಸೀಮೆಯ ಬೇಸಾಯ’ ಅಂತ ಹಿಡ್ಕೊಂಡು ಒಂದೂವರೆ ವರ್ಷ ಗೆಜೆಟಿಯರ್ ಕಾಪಿ ಹೊಡೆದೆ, ಕೊನೆಗೆ ಗೈಡು ಎಲ್ಲಾ ತಿರುವಿ ಹಾಕಿ “ಇದ್ರಲ್ಲಿ ನಿಂದೇನಯ್ಯ ಇದೆ” ಅಂದ್ರು, ಮಾತೇ ಬರಲಿಲ್ಲ.

ಕೋಲಾರ ಒಂದೇ ಸಾಕು. ಆಮೇಲೆ ಕಾಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತಲ್ಲ, ಅದಕ್ಕಿಂತ ಹಿಂದಿನ ಲೆಕ್ಕ ಈಗಿನ ಕೋಲಾರಕ್ಕೆ ತಾಳೆ ಆಗಲ್ಲ, ಗಮನಿಸ್ದೆ ಟೇಬಲ್ ಹಾಕಿದ್ರೆ ರಾತ್ರೋರಾತ್ರಿ ಕೆರೆಗಳು ಮಾಯ ಆದಂಗೆ ಕಾಣುತ್ತೆ. 2018ರಿಂದ ಶುರು ಮಾಡು. ಆ ಜೂನ್‌ನಲ್ಲೇ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆನ ಎರಡು ಹಂತ ಶುದ್ಧ ಮಾಡಿ ಪೈಪಲ್ಲಿ ಬಿಟ್ಟಿದ್ದು, ಲಕ್ಷ್ಮೀಸಾಗರ ಕೆರೆಗೆ ಬಂದಿದ್ದು.

ಇಷ್ಟಾದ್ರೂ ಅದು ಇನ್ನೂ ಟಾಪಿಕ್ಕೇ, ಪ್ರಶ್ನೆ ಆಗಿಲ್ಲ. ಯೋಜನೆ ಒಳ್ಳೇದಾ ಕೆಟ್ಟದ್ದಾ ಅಂತ ಹೋಗ್ಬೇಡ, ನೊರೆ, ಕೋರ್ಟು, ಮೂರನೇ ಹಂತದ ಶುದ್ಧೀಕರಣ ಅಂತ ಅದು ಎಲ್ಲೆಲ್ಲೋ ಎಳ್ಕೊಂಡು ಹೋಗುತ್ತೆ, ನೀನು ಓದ್ತಿರೋದು ಸೋಷಿಯಾಲಜಿ. ಕೆರೆ ನೀರು ಕಾಲುವೆಗೆ ಬಿಡೋ ತೂಬಿನ ಹತ್ರ ಹೋಗಿ ನಿಂತ್ಕೋ. ಈ ನೀರು ಅಂತರ್ಜಲಕ್ಕೆ ಅಂತ, ಕೆರೆಯಿಂದ ನೇರ ಗದ್ದೆಗೆ ಬಿಡೋ ಹಂಗಿಲ್ಲ. ಕೆರೆ ತುಂಬಿ ನಿಂತಿದ್ರೂ ತೂಬು ಎತ್ತಲ್ಲ ಅಂದ್ಮೇಲೆ ನೀರುಗಂಟಿಗೆ ಏನೇ ಕೆಲಸ? ಮೊದಲು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ನೋಡ್ತಿದ್ದ, ಸುಗ್ಗೀಲಿ ಅಚ್ಚುಕಟ್ಟಿನವರು, ಅಂದ್ರೆ ಆ ಕೆರೆ ನೀರಲ್ಲಿ ಬೆಳೆ ಬೆಳೆಯೋರು, ಅವನಿಗೆ ಕಾಳು ಅಳೀತಿದ್ರು. ನಮ್ ಕಡೆ ಹೆಚ್ಚಾಗಿ ದಲಿತರ ಮನೆಯವರೇ ಈ ಕೆಲಸ ಮಾಡ್ತಿದ್ದಿದ್ದು, ಊರಲ್ಲಿ ಬೇರೆಲ್ಲೂ ಅವರ ಮಾತು ನಡೀದಿದ್ರೂ ಕಾಲುವೆ ಮೇಲೆ ನಡೀತಿತ್ತು. ಈಗ ನೀರು ಅಡೀಲಿ ಹೋಗಿ ಬೋರ್‌ವೆಲ್ ಇರೋನ್ನ ಸೇರುತ್ತೆ, ಅಲ್ಲಿ ಹಂಚೋನು ಯಾರೂ ಇಲ್ಲ.

ಆ ನೀರು ಬಂದಿರೋ ಒಂದು ಕೆರೆ, ಬರದೇ ಇರೋ ಒಂದು ಕೆರೆ, ಎರಡೂ ಕಡೆ ನೀರುಗಂಟಿ ಮನೆ. ಇಪ್ಪತ್ತು ಪುಟಕ್ಕೆ ಇದೇ ಜಾಸ್ತಿ ಆಯ್ತು ಅಂತ ನೀನೇ ಫೋನ್ ಮಾಡ್ತೀಯ ನೋಡು.

ಭಾನುವಾರ ಬಾ, ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ. ಹೋದ ತಕ್ಷಣ ರೆಕಾರ್ಡರ್ ಆನ್ ಮಾಡ್ಬೇಡ, ಅವರು ಕೊಟ್ಟ ಟೀ ಮೊದಲು ಕುಡಿ, ನೀನು ಟೀ ಮುಟ್ಟಲ್ಲ ಅಂತ ಗೊತ್ತು, ಆದ್ರೂ ಕುಡಿ.

ನಿನ್ ದೊಡ್ಡಪ್ಪ