ಕೋನ್ ಫಿಲ್ಟರ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಗೆಳೆಯರೇ, ವಾರದಿಂದ ಗ್ರೂಪಿನಲ್ಲಿ ಕೋನ್ ಫಿಲ್ಟರ್ (ಕಾರಿನ ಎಂಜಿನ್ನಿಗೆ ಹೋಗುವ ಗಾಳಿ ಸೋಸಲು, ಕಂಪನಿಯ ಮುಚ್ಚಿದ ಡಬ್ಬಿಯ ಬದಲು ಹಾಕಿಸುವ ಶಂಕುವಿನಾಕಾರದ ತೆರೆದ ಫಿಲ್ಟರ್) ಹಾಕಿಸಬೇಕಾ ಅಂತ ಒಂದೇ ಸಮನೆ ಕೇಳುತ್ತಿದ್ದೀರಿ. ನಾನು ಹೋದ ಬೇಸಿಗೆಯಲ್ಲಿ ಹಾಕಿಸಿ ಎರಡೇ ತಿಂಗಳಿಗೆ ತೆಗೆಸಿದೆ. ಸದ್ದು ಮಾತ್ರ ಜೋರು. ಹುಬ್ಬಳ್ಳಿಯ ಗೋಕುಲ ರೋಡ್ ಸಿಗ್ನಲ್‌ನಲ್ಲಿ ನಿಂತು ಹೊರಟರೆ ಗಾಡಿ ಮೊದಲಿಗಿಂತ ಮಂದ.

ಬಾನೆಟ್ ಒಳಗೆ ತೆರೆದಿಟ್ಟ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಸುಮಾರು ಶೇ. 9ರಷ್ಟು ತೆಳುವಾಗುತ್ತದೆ. ಆಮ್ಲಜನಕವೂ ಅಷ್ಟೇ ಕಡಿಮೆ, ಅದಕ್ಕೇ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಕಂಪನಿಯವರು ಫಿಲ್ಟರ್ ಕೂರಿಸುವ ಆ ಕಪ್ಪು ಡಬ್ಬಿಯನ್ನು ಸುಮ್ನೆ ಇಟ್ಟಿಲ್ಲ, ಅಲ್ವಾ? ಅದರ ಮೂತಿ ಸಾಮಾನ್ಯವಾಗಿ ಗ್ರಿಲ್ ಕಡೆಯ ತಣ್ಣನೆ ಗಾಳಿಗೆ ಇರುತ್ತದೆ.

ಇನ್ನು ನಮ್ಮೂರ ಧೂಳು. ಕೋನ್ ತೆಗೆಸಿದಾಗ ಅದರಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿದೆ, ಮಣ್ಣಿನ ಬಣ್ಣಕ್ಕೆ ತಿರುಗಿತು. ಫಿಲ್ಟರಿಗೆ ಹಚ್ಚಿದ ಎಣ್ಣೆ ಜಾಸ್ತಿಯಾಗಿ ಏರ್‌ಫ್ಲೋ ಸೆನ್ಸರಿನ (ಒಳಹೋಗುವ ಗಾಳಿಯನ್ನು ಅಳೆಯುವ ಸಾಧನ) ತಂತಿಗೂ ಅಂಟಿತ್ತು. ಅದಕ್ಕೇ ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ನಿನ ಓಟ, ಏರುಪೇರು.

ತಣ್ಣನೆ ಗಾಳಿಗಾಗಿ ಪೈಪನ್ನು ಬಂಪರ್ ಕೆಳಗೆ ಇಳಿಸುವ ಯೋಚನೆ ಇದ್ದವರು ಮಳೆಗಾಲ ನೆನೆಸಿಕೊಳ್ಳಿ. ನಿಂತ ನೀರು ಒಳಗೆ ಹೋದರೆ ಎಂಜಿನ್ನಿನ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ನನ್ನನ್ನು ಕೇಳಿದರೆ, ಅದೇ ಡಬ್ಬಿಗೆ ಹೊಸ ಪೇಪರ್ ಫಿಲ್ಟರ್ ಸಾಕು. ಭಾನುವಾರ ಬೆಳಿಗ್ಗೆ 7ಕ್ಕೆ ಉಣಕಲ್ ಕೆರೆ ಹತ್ತಿರ ಸೇರೋಣ. ಹಳೇ ಕೋನ್ ತರುತ್ತೇನೆ, ನೋಡುವವರು ನೋಡಿ. ಮಾರಾಟಕ್ಕಿಲ್ಲ.